ಒಂಬತ್ತನೇ ಮಹಡಿಯ ನಿಂಬೆಹಣ್ಣು

ಕಳೆದ ವಾರ ಮಲೇಷ್ಯಾದ ಕ್ಲಾಂಗ್‌ನಲ್ಲಿರುವ ನಮ್ಮ ಹಳೆಯ ಫ್ಲಾಟಿನ ಕೀಲಿಯನ್ನು ಹೊಸ ಬಾಡಿಗೆದಾರರಿಗೆ ಕೊಡಲು ಹೋಗಿದ್ದೆ. ಲಿಫ್ಟಿನ ಬಾಗಿಲು ತೆರೆದದ್ದೇ ನಿಂಬೆಯ ವಾಸನೆ ಮೂಗಿಗೆ ಬಡಿಯಿತು. ನಿಜವಾದ ನಿಂಬೆಯದಲ್ಲ, ನೆಲ ಒರೆಸುವ ನೀರಿಗೆ ಬೆರೆಸುವ ಅಗ್ಗದ ದ್ರಾವಣದ್ದು. ದೊಡ್ಡ ಕ್ಯಾನುಗಳಲ್ಲಿ ತರಿಸುತ್ತಾರೆ. ನನ್ನನ್ನು ಕೇಳಿದ್ದರೆ ಇನ್ನೂ ಕಡಿಮೆಗೆ ಕೊಡಿಸುತ್ತಿದ್ದೆ. ಆದರೂ ಆ ವಾಸನೆಗೆ ನನ್ನ ಕೈ ಸುಮ್ಮನಿರಲಿಲ್ಲ. ಕೀಲಿಗೊಂಚಲು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ. ಮೂರು ವರ್ಷದ ಹಿಂದೆ, ದೀಪಾವಳಿಯ ವಾರದಲ್ಲಿ, ಇದೇ ಲಿಫ್ಟಿನಲ್ಲಿ ಹೀಗೆಯೇ ನಿಲ್ಲಲಾರದೆ ನಿಂತಿದ್ದೆ.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಬಂದರಿನ ಊರಿನಲ್ಲಿ ಮನೆ ನೋಡಲು ಹೋಗುವವರು ಮಧ್ಯಾಹ್ನದ ಮೇಲೆ ಹೋಗಬೇಕು. ಬೆಳಿಗ್ಗೆ ಎಲ್ಲ ಮನೆಗಳೂ ಚೆಂದವೇ. ಮಳೆ ಯಾವ ಕಿಟಕಿಯಿಂದ ನುಗ್ಗುತ್ತದೆ, ಕಂಟೇನರ್ ಲಾರಿಗಳ ಸದ್ದು ಎಷ್ಟು ಮೇಲೆ ಬರುತ್ತದೆ, ಎಲ್ಲ ಗೊತ್ತಾಗುವುದು ಮಧ್ಯಾಹ್ನವೇ. ನಾನು ಹಾಗೆಯೇ ನೋಡಿ, ಮಾಲೀಕನಿಗೆ ಗೋಡೆಯ ಒದ್ದೆ ತೋರಿಸಿ, ಬೆಲೆ ಇಳಿಸಿ ತೆಗೆದುಕೊಂಡ ಮನೆ ಅದು. ಅಕ್ಕಪಕ್ಕದವರು ಬಾಗಿಲು ತೆಗೆಯುತ್ತಾರೋ ಇಲ್ಲವೋ ಎನ್ನುವುದನ್ನೂ ನೋಡಬೇಕು ಎಂದು ಮಾತ್ರ ನನಗೆ ಆಗ ಹೊಳೆಯಲಿಲ್ಲ. ಮನೆಯಲ್ಲಿ ಇಡೀ ದಿನ ಇರಬೇಕಾದವಳು ನನ್ನ ಹೆಂಡತಿ ನಾಗವೇಣಿ.

ನಾನು ಬ್ಯಾಡಗಿಯವನು. ಮೀಸೆ ಮೂಡುವ ಮೊದಲೇ ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲದ ಬಾಯಿ ಕಟ್ಟುವ ಕೆಲಸಕ್ಕೆ ಸೇರಿದೆ. ಕಟ್ಟುತ್ತಾ ಕಟ್ಟುತ್ತಾ ತೂಕ ಕಲಿತೆ, ತೂಕದ ಹಿಂದೆ ಮಾತು ಕಲಿತೆ, ಮಾತಿನಿಂದ ಕ್ಲಾಂಗ್ ಬಂದರಿನ ತನಕ ಬಂದೆ. ಇಲ್ಲಿ ಈಗಲೂ ನನ್ನದು ಅದೇ ವ್ಯಾಪಾರ, ಒಣಮೆಣಸಿನಕಾಯಿ ತರಿಸಿ ಮಾರುವುದು. ಮಾದರಿ ತೋರಿಸಲು ಒಯ್ಯುವ ಸಣ್ಣ ಚೀಲಗಳಿಗೆ ನಾನು ಹಾಕುವ ಗಂಟು ನನ್ನ ಕೈಯದೇ. ಹೊರಗೆ ಎರಡು ಎಳೆ ಇಳಿಬಿದ್ದಿರುತ್ತವೆ, ನೋಡಲು ಎರಡೂ ಒಂದೇ. ಒಂದನ್ನು ಎಳೆದರೆ ಸರಕ್ಕನೆ ಬಿಚ್ಚುತ್ತದೆ. ಇನ್ನೊಂದನ್ನು ಎಳೆದರೆ ಇನ್ನಷ್ಟು ಬಿಗಿದು ಕತ್ತರಿ ಕೇಳುತ್ತದೆ. ಕೊಳ್ಳಲು ಬಂದವನು ಅದರೊಂದಿಗೆ ಒದ್ದಾಡುವಾಗ ನಾನು ಅವನ ಮುಖ ನೋಡುತ್ತೇನೆ. ಎಷ್ಟು ಅವಸರವಿದೆ ಎನ್ನುವುದು ಅಲ್ಲಿಯೇ ತಿಳಿಯುತ್ತದೆ, ಬೆಲೆಯೂ ಅಲ್ಲಿಯೇ ನಿಲ್ಲುತ್ತದೆ. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ಇದನ್ನು ಪುಕ್ಕಟೆ ಹೇಳುತ್ತಿದ್ದೇನೆ.

ಆ ವರ್ಷ ಹಬ್ಬಕ್ಕೆ ಮಾರಬೇಕಾಗಿದ್ದ ನನ್ನ ಕಂಟೇನರು ತಪಾಸಣೆಗೆಂದು ಬಂದರಿನಲ್ಲಿ ನಿಂತುಬಿಟ್ಟಿತ್ತು. ದಿನಾ ಹೋಗುವುದು, 'ನಾಳೆ ಬನ್ನಿ ಬಾಸ್' ಎನ್ನಿಸಿಕೊಂಡು ಬರುವುದು. ದಿನಾ ಮಧ್ಯಾಹ್ನ ಆಕಾಶ ಕಪ್ಪಾಗಿ, ಗುಡುಗು ಸೀದಾ ತಲೆಯ ಮೇಲೆಯೇ ಬಿದ್ದಂತೆ ಬಿದ್ದು, ಮಳೆ. ಲಿಟ್ಲ್ ಇಂಡಿಯಾದ ಬೀದಿಯಲ್ಲಿ ಹಬ್ಬದ ಅಂಗಡಿಗಳು ತಗಡು ಹೊದ್ದು ನಿಂತಿದ್ದವು, ಸ್ಪೀಕರುಗಳು ಒಂದರ ಮೇಲೊಂದು ಕೂಗುತ್ತಿದ್ದವು. ನನಗೆ ಕೂತಲ್ಲಿ ಕೂರಲಾಗದು. ಅಂಥ ಒಂದು ಮಧ್ಯಾಹ್ನ ನಾಗವೇಣಿ ಒಣಗದ ಬಟ್ಟೆಗಳನ್ನು ಫ್ಯಾನಿನ ಕೆಳಗೆ ಹರವುತ್ತಾ, ನನ್ನ ಕಡೆ ತಿರುಗದೆ ಹೇಳಿದಳು.

"ಹಬ್ಬ ಆದ ಮ್ಯಾಲೆ ನನಗೂ ಸ್ಫೂರ್ತಿಗೂ ಟಿಕೆಟ್ ಮಾಡ್ಸ್ರಿ. ನಾವು ಊರಾಗ ಇರ್ತೀವಿ. ನೀವು ಬಂದು ಹೋಗಿ ಮಾಡ್ರಿ."

"ಯಾಕ? ಏನಾತು?"

"ಏನೂ ಆಗಿಲ್ಲ. ಅದಕ್ಕ ಹೊಂಟೇನಿ. ವರ್ಷ ಆತು, ಏನೂ ಆಗಿಲ್ಲ."

ಸ್ಫೂರ್ತಿ ನಮ್ಮ ಮಗಳು, ಆಗ ಏಳನೇ ತರಗತಿಯ ವಯಸ್ಸು. ಕಿವಿಯಿಂದ ಇಯರ್‌ಫೋನ್ ತೆಗೆದು "ಅಮ್ಮಾ, ಸೀರಿಯಸ್ಲೀ ಆ?" ಎಂದಳು. ಅವಳಿಗೆ ಅಮ್ಮನ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಾತಿನ ಕೊನೆಗೊಂದು 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ. ನಾಗವೇಣಿ ಒಬ್ಬಳೇ ಇಡೀ ಮನೆಗೆ ಕನ್ನಡ ಮಾತಾಡಿ, ಸಂಜೆಯ ಹೊತ್ತಿಗೆ ಸುಸ್ತಾಗಿರುತ್ತಿದ್ದಳು.

ಅವಳ ಸಿಟ್ಟಿನ ಬೇರು ನನಗೆ ಗೊತ್ತಿತ್ತು. ನಮ್ಮ ಕಡೆ ಹಬ್ಬಕ್ಕೆ ಮನೆಯಿಂದ ಮನೆಗೆ ತಾಟು ಹೋಗುತ್ತದೆ. ಹೋದ ತಾಟು ಖಾಲಿ ಬರಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಾರೆ. ಬಂದ ಹೊಸತರಲ್ಲಿ ಅವಳು ಎದುರು ಮನೆಗೆ ಹೋಳಿಗೆಯ ತಾಟು ಕೊಟ್ಟಿದ್ದಳು. ಅಲ್ಲಿದ್ದ ಬಾಡಿಗೆಯ ಹುಡುಗ ಅದನ್ನು ತೊಳೆದು, ಒರೆಸಿ, ನಮ್ಮ ಚಪ್ಪಲಿ ಗೂಡಿನ ಮೇಲೆ ಇಟ್ಟು ಹೋದ. ಅವನ ಪಾಲಿಗೆ ಅದು ಮರ್ಯಾದೆ. ಇವಳು ಮಾತ್ರ ಆ ತಾಟನ್ನು ಕಪಾಟಿನ ಹಿಂದಕ್ಕೆ ತಳ್ಳಿ ಮತ್ತೆ ಮುಟ್ಟಲಿಲ್ಲ. ಹುಡುಗ ಮನೆ ಬಿಟ್ಟು ಹೋದ, ತಾಟು ಅಲ್ಲಿಯೇ ಉಳಿಯಿತು.

ಟಿಕೆಟ್ಟಿನ ಮಾತಾದ ಮರುದಿನ ಅಡುಗೆಮನೆಯಿಂದ ಚಕ್ಕುಲಿ ಕರಿಯುವ ವಾಸನೆ ಬಂತು. ನೋಡಿದರೆ ಮೇಜಿನ ಮೇಲೆ ಸಣ್ಣ ಸಣ್ಣ ಬಟ್ಟೆಚೀಲಗಳ ಸಾಲು. ಒಂದೊಂದರಲ್ಲಿ ಎರಡು ಚಕ್ಕುಲಿ, ಒಂದು ರವೆ ಉಂಡಿ, ಒಂದು ಮಣ್ಣಿನ ಹಣತೆ.

"ಯಾರಿಗೆ ಇದು?"

"ನಮ್ಮ ಮಹಡ್ಯಾಗಿನ ಎಲ್ಲಾರಿಗೂ. ಬಾಗಲಕ್ಕ ತೂಗುಹಾಕಿ ಬರ್ತೇನಿ. ಹೆಸರು ಹಾಕೂದಿಲ್ಲ."

"ಹೆಸರು ಹಾಕದ ಕೊಡೂದು ಯಾವ ಶಾಣ್ಯಾತನ? ಒಂದು ಕಾರ್ಡ್ ಹಾಕು. ನನ್ನ ಅಂಗಡಿ ಹೆಸರೂ ಇರಲಿ, ನಾಳೆ ನಾಕು ಗಿರಾಕಿ ಆದಾರು."

"ಅದಕ್ಕ ಹಾಕೂದಿಲ್ಲ," ಎಂದಳು. "ಹೆಸರಿಲ್ಲಂದ್ರ ವಾಪಸ್ ಕೊಡೂ ತ್ರಾಸು ಅವರಿಗಿಲ್ಲ, ಕಾಯೂ ತ್ರಾಸು ನನಗಿಲ್ಲ. ಹೋಗೂ ಮುಂಚೆ ಒಮ್ಮೆ ಕೈ ತುಂಬ ಕೊಟ್ಟು ಹೋಗ್ತೇನಿ, ಅಷ್ಟ."

ಹಾಗೆಂದವಳು ಪ್ರತಿ ಚೀಲದೊಳಗೂ ಒಂದೊಂದು ನಿಂಬೆಹಣ್ಣು ಇಟ್ಟು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ನಾನು ಅಲ್ಲಿಯೇ ನಿಂತು ನೋಡಿದೆ, ಏನೂ ಅನ್ನಿಸಲಿಲ್ಲ. ನಮ್ಮ ಕಡೆ ದೊಡ್ಡವರನ್ನು ಕಾಣಲು ಹೋಗುವಾಗ ಬರಿಗೈಲಿ ಹೋಗುವುದಿಲ್ಲ, ನಿಂಬೆಹಣ್ಣು ಕೊಟ್ಟು ನಮಸ್ಕರಿಸುತ್ತೇವೆ. ಅದು ಮರ್ಯಾದೆಯ ಹಣ್ಣು. ಆದರೆ ಅದೇ ಹಣ್ಣು ಕುಂಕುಮ ಹಚ್ಚಿಕೊಂಡು ಮೂರು ದಾರಿ ಸೇರುವಲ್ಲಿ ಬಿದ್ದಿದ್ದರೆ ನಾನೇ ಸ್ಕೂಟರು ತಿರುಗಿಸಿಕೊಂಡು ಬೇರೆ ದಾರಿ ಹಿಡಿಯುತ್ತೇನೆ. ಎರಡೂ ಹಣ್ಣು ಒಂದೇ. ನಡುವೆ ಕೊಡುವ ಕೈ ಒಂದು ಕಾಣಬೇಕು, ಅಷ್ಟೇ. ನಾವು ಆ ಕೈಯನ್ನೇ ತೆಗೆದುಬಿಟ್ಟಿದ್ದೆವು. ಕಳಿಸಿದವರ ಹೆಸರಿಲ್ಲದ ಸರಕನ್ನು ಬಂದರಿನಲ್ಲಿ ಯಾರೂ ಮುಟ್ಟುವುದಿಲ್ಲ ಎಂದು ದಿನಾ ನೋಡುವ ನನಗೂ ಇದು ಹೊಳೆಯಲಿಲ್ಲ, ನೋಡಿ.

ಮಧ್ಯಾಹ್ನದ ಮಳೆ ಹಿಡಿದ ಹೊತ್ತಿಗೆ, ಮೊಗಸಾಲೆಯಲ್ಲಿ ಯಾರೂ ಇಲ್ಲದಾಗ, ನಾಗವೇಣಿ ಎಲ್ಲ ಮನೆಗಳ ಕಬ್ಬಿಣದ ಗ್ರಿಲ್ಲಿಗೆ ಚೀಲ ಸಿಕ್ಕಿಸಿ ಬಂದಳು. ಬಂದು ಬಾಗಿಲು ಹಾಕಿಕೊಂಡು ನಕ್ಕಳು. ತಿಂಗಳುಗಟ್ಟಲೆ ಕಾಣದಿದ್ದ ನಗು. ಹಣೆಯ ಮೇಲೆ ಬೆವರು, ಕೈಯಲ್ಲಿ ಚಪ್ಪಲಿ. ಸದ್ದಾಗಬಾರದೆಂದು ಬರಿಗಾಲಲ್ಲಿ ಹೋಗಿದ್ದಳಂತೆ.

ಆ ನಗು ಸಂಜೆಯವರೆಗೆ ಇತ್ತು. ಸಂಜೆ ಜನ ಕೆಲಸದಿಂದ ಮರಳಿದರು. ಸ್ಫೂರ್ತಿ ಫೋನು ಹಿಡಿದು ಓಡಿ ಬಂದಳು.

"ಅಪ್ಪಾ, ಗ್ರೂಪ್ ನೋಡು. ಎವ್ರಿಬಡಿ ಪ್ಯಾನಿಕ್ ಲಾ."

ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ನಿಂಬೆಹಣ್ಣಿನ ಚಿತ್ರಗಳು ಒಂದರ ಹಿಂದೊಂದು. ಒಬ್ಬರು ಇದು ಬೊಮೊನ ಕೆಲಸ ಎಂದಿದ್ದರು. ಬೊಮೊ ಎಂದರೆ ಇಲ್ಲಿನ ಮಾಂತ್ರಿಕ. ತಮಿಳು ಮನೆಯವರು ಸೂನಿಯಂ ಎಂದರು, ಎಂದರೆ ಮಾಟ. ಚೀನೀ ಕುಟುಂಬವೊಂದು ಗ್ರಿಲ್ಲಿಗೆ ಅಂಟಿದ್ದ ಕುಂಕುಮದ ಕೆಂಪು ನೋಡಿ, ಸಾಲ ತೀರಿಸದವರ ಬಾಗಿಲಿಗೆ ಕೆಂಪು ಬಣ್ಣ ಎರಚುವ ಬಡ್ಡಿಯವರು ಯಾರನ್ನೋ ಹುಡುಕಿಕೊಂಡು ಬಂದಿರಬೇಕೆಂದು ಬಾಗಿಲಿಗೆ ಎರಡು ಬೀಗ ಹಾಕಿಕೊಂಡಿತು. ಕಟ್ಟಡದ ಸಮಿತಿಯಲ್ಲಿದ್ದ ಕಾಕ್ ರೋಸ್, ಎಂದರೆ ರೋಸ್ ಅಕ್ಕ, ನಮ್ಮದೇ ಮಹಡಿಯ ಮಲಾಯ್ ಹೆಂಗಸು, ಬರೆದಿದ್ದರು: ನಾಳೆ ಸಿಸಿಟಿವಿ ನೋಡೋಣ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ.

ಸೆಕ್ಯೂರಿಟಿಯವನು ಬಂದು ನೆಲ ಒರೆಸುವ ಕೋಲಿನ ತುದಿಯಿಂದ ಒಂದೊಂದೇ ಚೀಲ ಎತ್ತಿ, ಮೂಲೆಯಲ್ಲಿಟ್ಟು, ಮೇಲೆ ಬಕೆಟ್ಟು ಮಗುಚಿದ. ಬಾಗಿಲ ಸಂದಿಯಿಂದ ನಾವು ಮೂವರೂ ನೋಡುತ್ತಿದ್ದೆವು. ತನ್ನ ಕೈಯ ರವೆ ಉಂಡಿ ಹಾವಿನಂತೆ ಕೋಲಿಗೆ ತೂಗಿಕೊಂಡು ಹೋಗುವುದನ್ನು ನೋಡಿ ನಾಗವೇಣಿ ಒಳಗೆ ಹೋದಳು.

"ನಮ್ಮ ಬಾಗಲಕ್ಕೂ ಒಂದು ತೂಗುಹಾಕಬೇಕಾಗಿತ್ತು," ಎಂದೆ ನಾನು. "ನಮ್ಮ ಮನಿ ಒಂದ ಖಾಲಿ ಐತಿ. ಯಾರಾದ್ರೂ ಲೆಕ್ಕ ಹಾಕ್ತಾರ."

"ಸುಮ್ನ ಕೂಡ್ರಿ."

ಕೂಡಲಾಗಲಿಲ್ಲ. ಕೆಳಗೆ ಹೋಗಿ ಮಾಮಕ್ ಅಂಗಡಿಯಲ್ಲಿ, ಎಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಹೇಳಿದೆ, ಕುಡಿಯದೆ ಎದ್ದೆ. ಸಿಸಿಟಿವಿ ಯಾವ ಮೂಲೆಯಲ್ಲಿದೆ ಎಂದು ನೋಡಿಕೊಂಡು ಬಂದೆ. ಮತ್ತೆ ಹೋದೆ. ಮನಸ್ಸಿನಲ್ಲಿ ಒಂದೇ: ನಾಳೆ ಇವಳ ಚಿತ್ರ ಆ ಗುಂಪಿನಲ್ಲಿ ಬಂದರೆ, ಬರಿಗಾಲು, ಕೈಯಲ್ಲಿ ಚಪ್ಪಲಿ, ಅಲ್ಲಿಗೆ ಮುಗಿಯಿತು. ಇವಳು ಹಬ್ಬದ ತನಕವೂ ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಚಿತ್ರ ಬರಲಿಲ್ಲ, ಬೇರೊಂದು ಸುದ್ದಿ ಬಂತು. ಪಕ್ಕದ ಮನೆಯ ಕವಿತಾ, ತಮಿಳು ಹುಡುಗಿ, ಏಳು ತಿಂಗಳ ಬಸುರಿ, ನಿನ್ನೆ ಸಂಜೆಯಿಂದ ನೀರೂ ಕುಡಿದಿಲ್ಲ. ಅವಳ ಬಾಗಿಲ ಚೀಲದ ಹಣ್ಣು ಉರುಳಿ ಹೊಸ್ತಿಲ ಒಳಗೆ ಬಿದ್ದಿತ್ತಂತೆ, ನೋಡದೆ ದಾಟಿದಳಂತೆ. ಮಗುವಿಗೆ ಏನೋ ಮಾಡಿಸಿದ್ದಾರೆ ಎಂದು ಅಳುತ್ತಿದ್ದಾಳೆ ಎಂದು ಅವಳ ಅತ್ತೆ ಲಿಫ್ಟಿನ ಬಳಿ ಕಾಕ್ ರೋಸ್‌ಗೆ ಹೇಳುತ್ತಿದ್ದರು. ಆ ಅತ್ತೆಯನ್ನು ಮಹಡಿಯವರೆಲ್ಲ ಪಾಟಿ, ಎಂದರೆ ಅಜ್ಜಿ, ಎನ್ನುತ್ತಿದ್ದೆವು.

ನಾನು ಮನೆಗೆ ಬಂದು ಹೇಳಿದೆ. ಹೇಳಬಾರದಾಗಿತ್ತೇನೋ. ನಾಗವೇಣಿ ಒಲೆ ಆರಿಸಿದಳು.

"ನಾ ಹೋಗಿ ಹೇಳ್ತೇನಿ."

"ಹುಚ್ಚಿ ಅದಿ ಏನು? ಮೊದಲು ಬಾಯಿ ಬಿಟ್ಟವನು ಸೋತ, ಇದು ವ್ಯಾಪಾರದಾಗ ಗೊತ್ತಿರೂದ. ಮೂರ ದಿನ ಸುಮ್ನಿರು, ತಾನ ತಣ್ಣಗಾಗ್ತೈತಿ. ಈಗ ಹೋದ್ರ ಮಾಟ ಮಾಡಿದಾಕಿ ನೀನ ಅಂತಾರ. ಕೂಸಿಗೆ ನಾಳೆ ನೆಗಡಿ ಆದ್ರೂ ನಿನ್ನ ಹೆಸರು."

"ಆಕಿ ನೀರ ಕುಡದಿಲ್ಲ."

"ನಾ ಹೋಗಿ ಮ್ಯಾನೇಜ್‌ಮೆಂಟ್‌ನವರ ಕೂಡ ಮಾತಾಡ್ತೇನಿ. ನಿನ್ನ ಹೆಸರು ಬರದಂಗ..."

"ಎಲ್ಲಾದಕ್ಕೂ ಚೌಕಾಸಿ ಮಾಡಬ್ಯಾಡ್ರಿ," ಎಂದವಳೇ ತಲೆಯ ಮೇಲೆ ಸೆರಗು ಹೊದ್ದು ಹೊರಟಳು. ದಾರಿಯಲ್ಲಿ ಆ ಮೂಲೆಯ ಬಕೆಟ್ಟು ಎತ್ತಿದಳು. ಎಲ್ಲ ಹಣ್ಣುಗಳ ನಡುವೆ ಕವಿತಾಳದು ಯಾವುದು ಎಂದು ಹೇಗೆ ಗೊತ್ತಾಗಬೇಕು? ಸೆಕ್ಯೂರಿಟಿಯವನನ್ನೇ ಕೇಳಿದಳು. ಅವನು ದೂರದಿಂದ ಕೋಲು ಚಾಚಿ ತೋರಿಸಿದ: ಅದೊಂದನ್ನು ಅವನು ಬೇರೆಯಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ, ಬಸುರಿ ಮನೆಯದೆಂದು.

ಪಾಟಿ ಬಾಗಿಲು ತೆಗೆದರು, ಇವಳ ಕೈಯಲ್ಲಿದ್ದುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಕಾಕ್ ರೋಸ್ ಅಲ್ಲಿಯೇ ಸೋಫಾದಲ್ಲಿ ಕೂತಿದ್ದರು. ನಾನು ಹೊರಗೆ, ಗ್ರಿಲ್ಲು ಹಿಡಿದು ನಿಂತೆ. ನಾಗವೇಣಿಯದು ಅಂಗಡಿಯಲ್ಲಿ ಕಲಿತ ತಮಿಳು, ಬೆಲೆ ಕೇಳಲು ಸಾಕಾಗುವಷ್ಟು. ಅದರಲ್ಲೇ ಶುರು ಮಾಡಿದಳು, ನಡುವೆ ಕನ್ನಡಕ್ಕೆ ಜಾರಿದಳು. "ನಾನ್ ವೆಚ್ಚೇನ್. ನಾನ. ಹಬ್ಬಕ್ಕ ಇಟ್ಟೇನಿ. ಗಿಫ್ಟ್. ಸೂನಿಯಂ ಇಲ್ಲ, ಪಾಟಿ, ಸೂನಿಯಂ ಇಲ್ಲ."

ಕವಿತಾ ಒಳಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು, ತುಟಿ ಒಣಗಿತ್ತು.

ನಾಗವೇಣಿ ಅವಳನ್ನೊಮ್ಮೆ ನೋಡಿದಳು. ಸೀದಾ ಅವರ ಅಡುಗೆಮನೆಗೆ ನಡೆದಳು. ಯಾರನ್ನೂ ಕೇಳಲಿಲ್ಲ. ನಲ್ಲಿಯ ಕೆಳಗೆ ಆ ಹಣ್ಣಿನ ಕುಂಕುಮ ತೊಳೆದಳು, ಚಾಕು ಹುಡುಕಿ ಎರಡಾಗಿ ಹೆಚ್ಚಿದಳು, ಸಕ್ಕರೆ ಡಬ್ಬಿ ಯಾವುದೆಂದು ಮೂಸಿ ನೋಡಿದಳು, ಚಿಟಿಕೆ ಉಪ್ಪು ಹಾಕಿ ಒಂದು ದೊಡ್ಡ ಲೋಟ ಶರಬತ್ತು ಮಾಡಿದಳು. ಎಲ್ಲರ ನಡುವೆ ನಿಂತು ಅರ್ಧ ಗಟಗಟ ಕುಡಿದಳು. ಮೂಗಿನ ತುದಿಗೆ ಹನಿ ಅಂಟಿತ್ತು. ಉಳಿದ ಅರ್ಧ ಕವಿತಾಳ ಕಡೆ ಹಿಡಿದಳು.

"ನನಗ ಏನರ ಆದ್ರ ನೀ ಕುಡೀಬ್ಯಾಡ," ಎಂದಳು ಶುದ್ಧ ಬ್ಯಾಡಗಿ ಕನ್ನಡದಲ್ಲಿ. "ಕಾಯ್ತೇನಿ. ಇಲ್ಲೆ ಕೂಡ್ತೇನಿ."

ಆಮೇಲೆ ನೆಲದ ಮೇಲೆ ಕೂತೇಬಿಟ್ಟಳು. ವ್ಯಾಪಾರದಲ್ಲಿ ಎಷ್ಟೋ ಮೌನಗಳನ್ನು ಕಂಡಿದ್ದೇನೆ. ಎಲ್ಲದರಲ್ಲೂ ಎದುರಿನವನು ಏನು ಹೇಳಬಹುದೆಂದು ಮೊದಲೇ ಅಂದಾಜಿರುತ್ತದೆ. ಇಲ್ಲಿ ಇರಲಿಲ್ಲ.

ಮೊದಲು ಮಾತಾಡಿದವರು ಕಾಕ್ ರೋಸ್. "ನಿನ್ನ ಬಾಗಿಲಿಗೆ ಇರಲಿಲ್ಲ, ಅದಕ್ಕೆ ನಿನ್ನ ಮೇಲೇ ನನಗೆ ಅನುಮಾನವಿತ್ತು ಲಾ," ಎಂದು ಇಂಗ್ಲಿಷಿನಲ್ಲಿ ಗದರಿದರು. "ಹೆಸರು ಬರೆಯಬಾರದಾ? ಯಾರು ಮಾಡಿದ್ದು, ಏನು ಹಾಕಿದ್ದು ಅಂತ ತಿಳಿಯದೆ ನಾನು ಹೇಗೆ ಮಾಕಾನ್ ಮಾಡಲಿ?" ತಿನ್ನುವುದಕ್ಕೆ ಅವರದು ಆ ಮಾತು. ಆಮೇಲೆ ಪಾಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು; ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. ಕವಿತಾ ಬಂದು ಲೋಟ ತೆಗೆದುಕೊಂಡಳು.

"ಅಕ್ಕಾ, ಸಕ್ಕರೆ ಜಾಸ್ತಿ," ಎಂದಳು ಕುಡಿದು ಮುಗಿಸಿ.

ಕಾಕ್ ರೋಸ್ ಗುಂಪಿನಲ್ಲಿ ಬರೆದರು: ಚೀಲಗಳು ನಮ್ಮ ಮಹಡಿಯ ಆಂಟಿಯ ಹಬ್ಬದ ಉಡುಗೊರೆ, ಹೆದರಬೇಡಿ. ಅದರ ಕೆಳಗೆ ನಗುವ ಮುಖಗಳ ಸಾಲು ಬಂತು. ಅಷ್ಟಕ್ಕೆ ಎಲ್ಲ ಸರಿಯಾಯಿತೆಂದು ನಾನು ಎಣಿಸಿದೆ. ನಾಗವೇಣಿ ಆ ನಗುವ ಮುಖಗಳನ್ನು ಒಂದೊಂದಾಗಿ ನೋಡಿ ಫೋನು ಕೆಳಗಿಟ್ಟಳು.

"ಎಲ್ಲಾರೂ ನಕ್ಕರು," ಎಂದಳು. "ಚೀಲ ಮಾತ್ರ ಬಕೆಟ್ಟಿನ ಕೆಳಗ ಅದಾವು. ಟಿಕೆಟ್ ನೋಡಿದ್ರೇನು?"

ಕವಿತಾಳ ಮನೆ ಬಿಟ್ಟರೆ ಯಾರೂ ಬಂದು ಕೇಳಿರಲಿಲ್ಲ, ಅದು ನಿಜ. ಹೆದರಿಕೆ ಹೋಗಿತ್ತು, ಬಾಗಿಲು ತೆರೆದಿರಲಿಲ್ಲ. ನೋಡುತ್ತೇನೆ ಎಂದೆ. ನೋಡಿದೆ ಕೂಡ, ಹಬ್ಬದ ವಾರ ವಿಮಾನದ ದರ ಆಕಾಶದಲ್ಲಿತ್ತು. ಫೋನಿನಲ್ಲಿ ಆ ಪುಟ ತೆಗೆಯುವುದು, ಮುಚ್ಚುವುದು. ಇದನ್ನೇ ಬಂದರಿನಲ್ಲಿ ಸರತಿಯಲ್ಲಿ ನಿಂತಾಗಲೂ ಮಾಡಿದೆ. ಕಂಟೇನರು ಬಿಡುಗಡೆಯಾಯಿತು ಎಂದು ಗುಮಾಸ್ತ ಹೇಳಿದಾಗ ನಾನು ಆ ಪುಟದಲ್ಲೇ ಇದ್ದೆ, ಅವನು ಎರಡು ಸಲ ಕೂಗಬೇಕಾಯಿತು.

ಹಬ್ಬದ ಹಿಂದಿನ ಸಂಜೆ ಲಿಟ್ಲ್ ಇಂಡಿಯಾಕ್ಕೆ ಹೋದೆ. ನಾನು ಯೋಚಿಸಿ ಮಾಡುವವನು, ಇದನ್ನೂ ಯೋಚಿಸಿಯೇ ಮಾಡಿದೆ. ನಮ್ಮ ಕಡೆಯದು ಏನೂ ಇರಬಾರದು, ಲಡ್ಡು ಇಲ್ಲ, ಚಕ್ಕುಲಿ ಇಲ್ಲ. ಚೀನೀ ಬೇಕರಿಯಿಂದ ಅನಾನಸ್ ತಾರ್ಟಿನ ಡಬ್ಬಿ, ಮಲಾಯ್ ಹೆಂಗಸಿನ ಅಂಗಡಿಯಿಂದ ತೆಂಗಿನ ಮಿಠಾಯಿ, ತಮಿಳು ಹೂವಿನವಳಿಂದ ಒಂದು ಮೊಳ ಮಲ್ಲಿಗೆ. ಯಾರ ಮನೆಯದು ಎಂದು ಊಹಿಸಲು ಹೋದರೆ ಇಡೀ ಮಹಡಿಯ ಮೇಲೂ ಅನುಮಾನ ಬರಬೇಕು. ಕಾರಿನಲ್ಲಿ ಕೂತು ಎಲ್ಲವನ್ನೂ ಹೊಸ ಬಟ್ಟೆಚೀಲವೊಂದಕ್ಕೆ ಹಾಕಿ ಬಾಯಿ ಕಟ್ಟಿದೆ. ಬೆಳಿಗ್ಗೆ ಹಾಲು ತರುವ ನೆಪ ಹೇಳಿ ಹೊರಬಂದು ನಮ್ಮದೇ ಗ್ರಿಲ್ಲಿಗೆ ಸಿಕ್ಕಿಸಿದೆ, ಕೆಳಗೆ ಹೋಗಿ ಹಾಲು ತಂದೆ. ಬರುವಾಗ ಲಿಫ್ಟಿನಲ್ಲಿ ಕಾಲು ನಿಲ್ಲುತ್ತಿರಲಿಲ್ಲ.

"ಬಾಗಲಕ್ಕ ಏನೋ ಐತಿ ನೋಡು," ಎಂದೆ ಒಳಗೆ ಬರುತ್ತಾ, ಈಗ ತಾನೇ ಕಂಡವನಂತೆ.

ನಾಗವೇಣಿ ಎಣ್ಣೆ ಸ್ನಾನ ಮಾಡಿ ಕೂದಲಿಗೆ ಟವೆಲು ಸುತ್ತಿಕೊಂಡಿದ್ದಳು. ಹೋಗಿ ಚೀಲ ಬಿಡಿಸಿಕೊಂಡು ತಂದು ಮೇಜಿನ ಮೇಲಿಟ್ಟಳು. ಸ್ಫೂರ್ತಿ ಮೊದಲು ಕೈ ಹಾಕಿದಳು, ದಾರ ಎಳೆದಳು. ಗಂಟು ಬಿಗಿಯಿತು.

"ವೈ ಸೋ ಟೈಟ್ ಲಾ," ಎಂದಳು.

ಆಗ ನನ್ನ ಕಣ್ಣು ಆ ಗಂಟಿನ ಮೇಲೆ ಬಿತ್ತು. ಡಬ್ಬಿ, ಮಿಠಾಯಿ, ಹೂವು ಎಲ್ಲ ಯೋಚಿಸಿದವನು, ಕೈ ತನ್ನಷ್ಟಕ್ಕೆ ಕಟ್ಟುವುದನ್ನು ಮಾತ್ರ ನೋಡಿರಲಿಲ್ಲ. ಹೊರಗೆ ಎರಡು ಎಳೆ, ನೋಡಲು ಎರಡೂ ಒಂದೇ.

"ಬಿಡು, ಕತ್ರಿ ತರ್ತೇನಿ," ಎಂದು ನಾನು ಅಡುಗೆಮನೆಗೆ ತಿರುಗಿದೆ.

"ಕತ್ರಿ ಬ್ಯಾಡ."

ನಾಗವೇಣಿ ನನ್ನ ಮುಖ ನೋಡುತ್ತಿದ್ದಳು. ಗಂಟಿನ ಕಡೆ ನೋಡಲೇ ಇಲ್ಲ. ಬೆರಳು ಮಾತ್ರ ಹೋಗಿ ಇನ್ನೊಂದು ಎಳೆಯನ್ನು ಹುಡುಕಿ ಹಿಡಿದು ಎಳೆಯಿತು. ಸರಕ್ಕನೆ ಬಿಚ್ಚಿಕೊಂಡಿತು. ಮಲ್ಲಿಗೆ ತೆಗೆದು ಮೂಸಿದಳು, ಒದ್ದೆ ಕೂದಲಿಗೆ ಮುಡಿಯಲು ಹೋಗಿ, ಬಿಟ್ಟು, ಮತ್ತೆ ಮುಡಿದಳು. ಕಪಾಟಿನ ಹಿಂದಿನಿಂದ ಆ ಹಳೆಯ ತಾಟು ಎಳೆದು, ತಾರ್ಟು ಮತ್ತು ಮಿಠಾಯಿಯನ್ನು ಅದರಲ್ಲಿ ಸುರಿದು ಸ್ಫೂರ್ತಿಯ ಕೈಗೆ ಕೊಟ್ಟಳು.

"ಕವಿತಾ ಆಂಟಿಗೆ ಕೊಟ್ಟು ಬಾ. ಯಾರು ಕಳಿಸಿದ್ರು ಅಂತ ಕೇಳಿದ್ರ ಅಮ್ಮನ ಹೆಸರು ಹೇಳು."

ಹುಡುಗಿ ಹೋದ ಮೇಲೆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು, "ಟಿಕೆಟ್ ಏನಾತು?"

"ರೇಟು ಭಾಳ ಐತಿ. ಇಳೀಲಿ ಅಂತ ಕಾಯಾಕತ್ತೇನಿ."

"ಹೌದ್ರಿ," ಎಂದಳು ನಾಗವೇಣಿ. "ಇಳೀಲಿ. ಅವಸರ ಏನೈತಿ?"

ರೇಟು ಆಮೇಲೆ ಇಳಿಯಿತೋ ಏರಿತೋ, ನಾನು ನೋಡಲಿಲ್ಲ.